ಸೋಮವಾರ ಬಿದ್ದ ಎತ್ತು

ಕಳೆದ ಬೇಸಿಗೆಯಲ್ಲಿ ಪಶುವೈದ್ಯ ಖಾತೆಗೆ ಹೊಸದಾಗಿ ಸೇರಿದ ಇಬ್ಬರು ತರುಣರು ಮನೆಗೆ ಬಂದಿದ್ದರು. ನಿಜಾಮರ ಕಾಲದಲ್ಲಿ ಈ ಕೆಲಸ ಹೇಗಿತ್ತು ಎಂದು ಕೇಳಿದರು. ನಾನು ಉತ್ಸಾಹದಿಂದ ಒಂದು ಎತ್ತಿನ ಕಥೆ ಹೇಳಿದೆ. ಅವರು ಹೋದ ಮೇಲೆ ಹಳೆಯ ದಿನಚರಿ ತೆಗೆದು ನೋಡಿದೆ. ನಾನು ಬಿಳಿ ಎಂದು ಹೇಳಿದ್ದ ಎತ್ತು ಅಲ್ಲಿ ಕಂದು ಬಣ್ಣದ್ದಾಗಿತ್ತು. ನಾನು ಸುರಿಸಿದ್ದ ಮಳೆ ಆ ದಿನ ಬಂದಿರಲೇ ಇಲ್ಲ. ಸುಳ್ಳು ಹೇಳುವ ಮನಸ್ಸು ನನಗಿರಲಿಲ್ಲ. ಆದರೆ ಇಷ್ಟು ವರ್ಷ ಹೇಳಿ ಹೇಳಿ ಕಥೆ ನುಣುಪಾಗಿಬಿಟ್ಟಿತ್ತು. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ದಿನಚರಿಯಲ್ಲಿ ಇಲ್ಲದ್ದು ಬಂದಾಗ ಅದು ಬರೀ ನೆನಪು ಎಂದು ಹೇಳಿಬಿಡುತ್ತೇನೆ. ಜನರ ಹೆಸರು ಬದಲಿಸಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ, ಮೋರಖಂಡಿಯ ಕಡೆಯ ಒಂದು ಸಣ್ಣ ಹಳ್ಳಿ ಎಂದು ತಿಳಿದರೆ ಸಾಕು.

ಆಗ ನಮ್ಮನ್ನು ಜನ ಸಲೋತ್ರಿ ಎನ್ನುತ್ತಿದ್ದರು, ದನದ ಡಾಕ್ಟರ್ ಎಂದು. ಹುಮನಾಬಾದಿನಲ್ಲಿ ಎರಡು ಕೋಣೆಯ ದವಾಖಾನೆ. ವಾರಕ್ಕೊಮ್ಮೆ ಸೈಕಲ್ಲಿನ ಮೇಲೆ ಕಲ್ಯಾಣಿಗೆ ಹೋಗಿ ಕೋಟೆಯ ಹತ್ತಿರದ ಬೇವಿನ ಮರದ ಕೆಳಗೆ ಪೆಟ್ಟಿಗೆ ಬಿಚ್ಚಿ ಕೂರುತ್ತಿದ್ದೆ. ಬಸವಕಲ್ಯಾಣ ಎಂಬ ಹೆಸರು ಆಮೇಲೆ ಬಂತು, ಆಗ ಅದು ಕಲ್ಯಾಣಿ. ನಾನು ಬಿ.ಎ. ಓದಿದ್ದು ಹೈದರಾಬಾದಿನಲ್ಲಿ, ಪಶುವೈದ್ಯ ಕಲಿತದ್ದು ಮದರಾಸಿನಲ್ಲಿ. ಎರಡೂ ಕಡೆ ಯಾರೂ ಕಲಿಸದ ಒಂದು ಸಂಗತಿಯನ್ನು ಇಲ್ಲಿಗೆ ಬಂದ ಮೇಲೆ ಕಲಿತೆ. ದನದ ಯಜಮಾನ ಮೊದಲು ಹೇಳುವುದು ರೋಗದ ಸುದ್ದಿಯಲ್ಲ, ತನ್ನ ಮರ್ಯಾದೆಯ ಸುದ್ದಿ. ಎಮ್ಮೆ ಪಕ್ಕದವನ ಜೋಳ ಮೇಯ್ದು ಹೊಟ್ಟೆ ಉಬ್ಬಿಸಿಕೊಂಡಿದ್ದರೆ, 'ಬರೇ ಹುಲ್ಲು ತಿಂದದ್ರಿ' ಎನ್ನುತ್ತಾನೆ. ಅವನ ಮೇಲೆ ಸಿಟ್ಟಾಗಬಾರದು. ಜೋಳ ತಿಂದಿದೆ ಎಂದುಕೊಂಡೇ ಔಷಧ ಕೊಟ್ಟು, ಹುಲ್ಲು ತಿಂದಿದೆ ಎಂಬಂತೆ ಮಾತಾಡಬೇಕು.

ಇದು ನಮ್ಮ ಮೇಲಧಿಕಾರಿಗಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವರು ಹೈದರಾಬಾದಿನವರು, ಸಜ್ಜನರು, ಕೆಲಸದಲ್ಲಿ ಚುರುಕು. ದನಗಳನ್ನು ಗುಂಪುಗುಂಪಾಗಿ ಕೊಲ್ಲುವ ದೊಡ್ಡ ಬ್ಯಾನಿ ಹಬ್ಬಿದ ವರ್ಷ ಮೇಕೆಯ ಮೂಲಕ ತಯಾರಿಸಿದ ಹೊಸ ಲಸಿಕೆ ಬಂದಿತ್ತು. ಮೊದಲಿನ ಸೀರಮ್ಮಿನ ಗುಣ ಕೆಲವೇ ದಿನ ಇರುತ್ತಿತ್ತು, ಇದು ಬಹುಕಾಲ ಕಾಯುತ್ತಿತ್ತು. ಆದರೆ ಬರ್ಫದಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಇಟ್ಟು ತರಬೇಕು, ತಂದ ದಿನವೇ ಹಾಕಿ ಮುಗಿಸಬೇಕು. ಮೊದಲೇ ಹೇಳಿದ ಆ ಸಣ್ಣ ಹಳ್ಳಿಗೆ ಯಾವಾಗ ಹೋಗಬೇಕು ಎಂಬ ಮಾತು ಬಂದಾಗ ಸಾಹೇಬರು ತಾವೇ ಲೆಕ್ಕ ಹಾಕಿದರು. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಆ ದಿನ ಎಲ್ಲ ಎತ್ತೂ ಮನೆಯಲ್ಲೇ ಸಿಗುತ್ತವೆ, ಸೋಮವಾರವೇ ಹೋಗೋಣ ಎಂದರು. ಹೋದೆವು. ಎತ್ತುಗಳು ಮನೆಯಲ್ಲೇ ಇದ್ದವು, ಹೊರಗೆ ಮಾತ್ರ ಒಂದೂ ಬರಲಿಲ್ಲ. ಚಾವಡಿಯಲ್ಲಿ ಚನ್ನಪ್ಪ ಎಂಬ ಮುದುಕ ಕೈಮುಗಿದು ಎದ್ದು ನಿಂತ.

"ನೊಗಾನೇ ಇಡಂಗಿಲ್ರಿ ಇವತ್ತ. ಸೂಜಿ ಹ್ಯಾಂಗ ಚುಚ್ಚಾಕ ಬಿಡೋದು?"

"ರೋಗಕ್ಕೆ ಸೋಮವಾರ ಗೊತ್ತೇನಯ್ಯಾ?" ಎಂದರು ಸಾಹೇಬರು.

"ರೋಗಕ್ಕ ಗೊತ್ತಿಲ್ರಿ. ನಮಗ ಗೊತ್ತದ."

ಬರ್ಫ ಕರಗುತ್ತಿತ್ತು. ಸಾಹೇಬರು ಗದರಿದರು, ಬೇಡಿಕೊಂಡರು, ಕೊನೆಗೆ ಲಸಿಕೆಯನ್ನು ಆ ಊರಿನ ಎಮ್ಮೆಗಳಿಗೆ ಹಾಕಿಸಿ ಎತ್ತುಗಳನ್ನು ಬಿಟ್ಟು ಬಂದರು. ಎಮ್ಮೆಗಳಿಗೆ ಸೋಮವಾರದ ಅಡ್ಡಿ ಇರಲಿಲ್ಲ. ಹಿಂದಿರುಗುವಾಗ ಟಾಂಗಾದಲ್ಲಿ ನನಗೆ ಒಳಗೊಳಗೆ ನಗು. ಮುಂದೆ ಅದೇ ಊರಿನ ಇನ್ನೊಂದು ಸೋಮವಾರ ನನ್ನನ್ನು ಒಂದು ವರ್ಷ ಹಿಡಿದುಕೊಂಡು ಕೂರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಒಂದು ವಾರ ಕಲ್ಯಾಣಿಯ ಬೇವಿನ ಮರದ ಕೆಳಗೆ ಆ ಊರಿನ ಗಂಗಾಬಾಯಿ ಎಂಬ ಮುದುಕಿ ಒಂದು ಆಡು ಹಿಡಿದುಕೊಂಡು ಬಂದಳು. ಊರವರು ಅವಳನ್ನು ಆಯಿ ಎನ್ನುತ್ತಿದ್ದರು. ಆಡಿನ ಕಣ್ಣು, ಬಾಯಿ, ಹೊಟ್ಟೆ ಎಲ್ಲ ನೋಡಿದೆ. ಏನೂ ಆಗಿರಲಿಲ್ಲ.

"ಇದಕ್ಕ ಏನಾಗ್ಯಾದ ಆಯಿ?"

"ಏನೂ ಆಗಿಲ್ಲ ತಮ್ಮಾ. ಆಡು ಇಲ್ದ ಬಂದ್ರ ನಿಮ್ಮ ಮಂದಿ ಹತ್ರ ಬಿಡ್ತಾರೋ ಇಲ್ಲೋ ಅಂತ ತಂದೀನಿ."

ಅವಳ ಮಗ ತುಕಾರಾಮ ದನದ ದಲಾಲಿ ಮಾಡುತ್ತಿದ್ದವನು. ಐದು ವರ್ಷದ ಹಿಂದೆ ಹುಮನಾಬಾದಿನ ಹಾದಿಯ ಹಳ್ಳದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತು ಬಿದ್ದಿದ್ದ. ಹೊಡೆದವರು ಯಾರು ಎಂದು ತಿಳಿಯಲಿಲ್ಲ. ಆದರೆ ಊರಿಗೆಲ್ಲ ಒಬ್ಬನ ಮೇಲೆ ಸಂಶಯ. ಅವನು ಪಿಂಜಾರ ಇಮಾಮಸಾಬ, ಬಿಲ್ಲು ಹೊತ್ತು ಹಳ್ಳಿ ಹಳ್ಳಿ ತಿರುಗಿ ಹಾಸಿಗೆಯ ಹತ್ತಿ ಹಿಂಜುವವನು. ಕೊಲೆಗೆ ಸ್ವಲ್ಪ ದಿನ ಮೊದಲು ತುಕಾರಾಮ ಹೊಡೆದುಕೊಂಡು ಬಂದ ದನಗಳು ಇಮಾಮಸಾಬನ ಅಂಗಳಕ್ಕೆ ನುಗ್ಗಿ ಬಿಲ್ಲನ್ನು ತುಳಿದು ಮುರಿದಿದ್ದವು. ಇಮಾಮಸಾಬ ಬಿಲ್ಲಿನ ನಾರಿ ಮೀಟುವ ಮರದ ಕೊಡತಿಯನ್ನು ಎತ್ತಿ, ಎಲ್ಲರ ಎದುರು, "ಇನ್ನೊಮ್ಮಿ ಬಾ, ನಿನ್ನ ತಲೀನೇ ಹಿಂಜತೀನಿ" ಎಂದಿದ್ದ. ಹುಮನಾಬಾದಿನ ಪೊಲೀಸರು ಅವನನ್ನು ಒಯ್ದು ಕೂಡಿಹಾಕಿದರು. ಆ ಮುಂಜಾನೆ ಎಲ್ಲಿದ್ದೆ ಎಂದು ಕೇಳಿದರೆ, ಒಂದು ಹೊಲದಲ್ಲಿದ್ದೆ ಎಂದ. ಯಾರ ಹೊಲ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಹೊಡೆದದ್ದನ್ನು ಕಂಡವರು ಯಾರೂ ಇರಲಿಲ್ಲವಾದ್ದರಿಂದ ಕೊನೆಗೆ ಬಿಟ್ಟರು. ಕಡತ ಮುಚ್ಚಿತು.

"ಅವನ ಬಾಯಿ ಬಿಡಸ್ರಿ," ಎಂದಳು ಗಂಗಾಬಾಯಿ. "ಅವಗ ಗಲ್ಲು ಆಗ್ಲಿ ಅಂತ ನಾ ಅನ್ನಾಕತ್ತಿಲ್ಲ. ಯಾಕ ಹೊಡದಿ ಅಂತ ಒಮ್ಮಿ ಕೇಳಬೇಕು. ನೀವು ಕೇಳಿದ್ದೆಲ್ಲ ಬರ್ಕೊಂತೀರಿ. ಉಳದವರು ಕೇಳ್ತಾರ, ಬರ್ಕೊಳಂಗಿಲ್ಲ."

ನಾನು ಯಾಕೆ ಒಪ್ಪಿದೆ? ಮುದುಕಿಯ ದುಃಖ ನೋಡಿ ಎಂದು ಈಗ ಹೇಳಬಹುದು. ಆ ದಿನದ ದಿನಚರಿ ಬೇರೆ ಹೇಳುತ್ತದೆ. 'ಸ್ವಾರಸ್ಯವಾಗಿದೆ, ನೋಡಬೇಕು' ಎಂದು ಬರೆದಿದ್ದೇನೆ. ಹುಮನಾಬಾದಿನಲ್ಲಿ ಸಂಜೆ ಕಳೆಯುವುದು ಕಷ್ಟವಾಗಿದ್ದ, ಪತ್ತೇದಾರಿ ಕಥೆಗಳನ್ನು ಓದುತ್ತಿದ್ದ ಮದುವೆಯಾಗದ ತರುಣ ಬರೆದ ಮಾತು ಅದು.

ಮೊದಲು ಪೊಲೀಸ್ ಅಮೀನರ, ಅಂದರೆ ಠಾಣೆಯ ಅಧಿಕಾರಿಯ, ಬಳಿ ಹೋದೆ. ಅವರು ಚಹಾ ಕೊಟ್ಟು, "ಡಾಕ್ಟರ್ ಸಾಹೇಬ್, ನೀವು ಎಮ್ಮೆ ನೋಡ್ರಿ, ಖೂನಿ ನಾವು ನೋಡ್ತೀವಿ" ಎಂದರು. "ನೋಡಿದಿರಾ?" ಎಂದೆ. "ನೋಡಿದೆವು, ಕಾಣಲಿಲ್ಲ" ಎಂದು ನಕ್ಕರು. ಆಮೇಲೆ ನಾನು ಅವರನ್ನು ಏನೂ ಕೇಳಲಿಲ್ಲ. ಆ ಊರಿಗೆ ದನ ನೋಡಲು ಹೋದಾಗಲೆಲ್ಲ, ಕಾಲುಬಾಯಿ ಬೇನೆಯ ಮಾತಿನ ನಡುವೆ, ತುಕಾರಾಮ ಸತ್ತ ದಿನದ ಮಾತು ತೆಗೆಯುತ್ತಿದ್ದೆ.

ಒಬ್ಬೊಬ್ಬರ ನೆನಪು ಒಂದೊಂದು ತರಹ. ಹೆಣದ ಅಂಗಿ ಬಿಳಿ ಎಂದವರುಂಟು, ಅಂಗಿಯೇ ಇರಲಿಲ್ಲ ಎಂದವರೂ ಉಂಟು. ಆದರೆ ಒಂದು ಮಾತಿನಲ್ಲಿ ಎಲ್ಲರೂ ಒಂದಾಗಿದ್ದರು. ಅಂದು ಸೋಮವಾರ. ಎತ್ತು ಹೂಡುವ ದಿನವಲ್ಲದ್ದರಿಂದ ಗಂಡಸರೆಲ್ಲ ಊರಲ್ಲೇ ಇದ್ದರು. ಹೊತ್ತು ಏರಿದ ಮೇಲೆ ಸುದ್ದಿ ಬಂದಾಗ ಎಲ್ಲರೂ ಒಟ್ಟಿಗೆ ಹಳ್ಳಕ್ಕೆ ಓಡಿದರು. ತುಕಾರಾಮ ಸೂರ್ಯ ಹುಟ್ಟುವಾಗ ಊರ ಬಾಗಿಲಾದ ಅಗಸಿಯ ಬಳಿ ಎಲೆಅಡಿಕೆ ಹಾಕಿಕೊಂಡು ಹೋದದ್ದನ್ನು ನಾಲ್ಕಾರು ಜನ ಕಂಡಿದ್ದರು. ಹಾಗಾಗಿ ಸತ್ತದ್ದು ಅದರ ನಡುವಿನ ಹೊತ್ತಿನಲ್ಲಿ.

"ಊರಿಗೂರೇ ಹೋಗಿತ್ತೇನು?" ಎಂದು ಕೇಳಿದೆ ಒಬ್ಬನನ್ನು.

"ಊರಿಗೂರೇ. ಆ ಪಿಂಜಾರನ್ನ ಬಿಟ್ರ ರೇವಣಪ್ಪ ಒಬ್ಬ ಬರ್ಲಿಲ್ಲ. ಪಾಪ, ಅವನ ಎತ್ತು ಅವತ್ತೇ ಕೊಟ್ಟಿಗ್ಯಾಗ ಜಾರಿ ಬಿತ್ತು. ಕುಂಟ ಆಯ್ತು ನೋಡ್ರಿ, ಇನ್ನೂ ಅದಕ್ಕ ಮೇವು ಹಾಕ್ಕೋತ ಕುಂತಾನ. ಮಾರಂದ್ರ ಮಾರವಲ್ಲ. ಎತ್ತಿನ ಜೋಡಿ ಮದಿವ್ಯಾಗ್ಯಾನ ಅಂತ ನಮ್ಮ ಹೆಂಗಸ್ರು ನಗ್ತಾರ."

ರೇವಣಪ್ಪ ಲಸಿಕೆಯ ದಿನ ಸಾಹೇಬರಿಗೆ ಎದುರುತ್ತರ ಕೊಟ್ಟ ಚನ್ನಪ್ಪನ ಮಗ. ಮುದುಕ ಅಷ್ಟರಲ್ಲಿ ತೀರಿಕೊಂಡಿದ್ದ. ಎತ್ತಿನ ಹೆಸರು ಹೌಶ್ಯಾ. ಕುಂಟು ಎತ್ತನ್ನು ನೋಡುವ ನೆವ ನನಗೆ ಹುಡುಕಬೇಕಾಗಿರಲಿಲ್ಲ, ನನ್ನ ಕೆಲಸವೇ ಅದು.

ಹೌಶ್ಯಾನ ಮುಂದಿನ ಎಡಭುಜ ಒಣಗಿ ಕುಗ್ಗಿತ್ತು, ಕೀಲು ದಪ್ಪಗಟ್ಟಿತ್ತು. ಮುಂದಿನ ಎರಡೂ ಮೊಣಕಾಲಿನ ಮೇಲೆ ಕೂದಲು ಹುಟ್ಟದ ಹಳೆಯ ಗಾಯದ ಗುರುತು. ದವಡೆಯ ಕೆಳಗೂ ಒಂದು ಗುರುತು. ಕೊಟ್ಟಿಗೆಯ ಸಗಣಿ ಗಂಜಲದಲ್ಲಿ ಜಾರುವ ಎತ್ತಿಗೆ ಹಿಂಗಾಲು ಅಗಲಿಸಿ ತೊಡೆಯ ಕಡೆ ಪೆಟ್ಟಾಗುತ್ತದೆ. ಇದು ಮುಂದಕ್ಕೆ ಮುಗ್ಗರಿಸಿ ಬಿದ್ದ ಎತ್ತು, ಮೊಣಕಾಲೂರಿ, ದವಡೆ ನೆಲಕ್ಕೆ ಬಡಿದು. ಅಂಥ ಪೆಟ್ಟನ್ನು ನಾನು ಬೇಕಾದಷ್ಟು ನೋಡಿದ್ದೆ. ಬಾವಿಯಿಂದ ತೊಗಲಿನ ಚೀಲದಲ್ಲಿ ನೀರೆತ್ತುವ ಮೋಟ ಇರುತ್ತಿತ್ತಲ್ಲ, ಈಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಎತ್ತುಗಳು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ಕೆಳಗೆ ನಡೆಯಬೇಕು, ಚೀಲ ಮೇಲೆ ಬರುತ್ತದೆ. ತುಂಬಿದ ಚೀಲದ ಭಾರಕ್ಕೆ ಹಗ್ಗ ಹರಿದರೆ, ಮೈಯೆಲ್ಲ ಬಲ ಹಾಕಿ ಎಳೆಯುತ್ತಿದ್ದ ಎತ್ತು ಹೀಗೆಯೇ ಮುಂದಕ್ಕೆ ಬೀಳುತ್ತದೆ.

"ಇದು ಎಲ್ಲಿ ಬಿದ್ದದ್ದು ರೇವಣಪ್ಪ?"

"ಕೊಟ್ಟಿಗ್ಯಾಗ್ರಿ."

"ಮೋಟದಾಗ ಅಲ್ಲೇನು?"

ರೇವಣಪ್ಪ ಎತ್ತಿನ ಬೆನ್ನಿನ ಮೇಲಿದ್ದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ತೆಗೆಯತೊಡಗಿದ. "ಸೋಮಾರ ಯಾರು ಮೋಟ ಹೊಡಿತಾರ್ರಿ," ಎಂದ. ನಾನು ಸೋಮವಾರದ ಹೆಸರನ್ನೇ ಎತ್ತಿರಲಿಲ್ಲ.

ಆ ದಿನ ಹುಮನಾಬಾದಿಗೆ ಬಂದು ದಿನಚರಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ, 'ಕೊಲೆಗಾರ ಸಿಕ್ಕ.' ಈಗ ಓದಿದರೆ ನಾಚಿಕೆಯಾಗುತ್ತದೆ. ಸುಳ್ಳು ಹೇಳಿದವನು ಸಿಕ್ಕಿದ್ದ, ಅಷ್ಟೆ. ಪುಣ್ಯಕ್ಕೆ ಯಾರಿಗೂ ಹೇಳಲಿಲ್ಲ. ಒಂದೆರಡು ದಿನ ಆ ಸಂತೋಷದಲ್ಲಿದ್ದು, ಆಮೇಲೆ ಯೋಚಿಸಿದಾಗ ಅದು ನಿಲ್ಲಲಿಲ್ಲ. ರೇವಣಪ್ಪನ ಬಾವಿ ಊರಿನ ಒಂದು ದಿಕ್ಕಿಗೆ, ಹಳ್ಳ ಇನ್ನೊಂದು ದಿಕ್ಕಿಗೆ. ಎತ್ತು ಬಿದ್ದದ್ದು ಆ ದಿನವೇ ಎಂದ ಮೇಲೆ ಅವನು ಅದನ್ನು ಇಳಿಜಾರಿನಲ್ಲಿ ಬಿಟ್ಟು ಹಳ್ಳಕ್ಕೆ ಹೋಗಿ ಬರಲಾರ. ಅದೂ ಅಲ್ಲದೆ, ಭುಜದ ಕೀಲು ತಪ್ಪಿದ ಎತ್ತನ್ನು ಒಬ್ಬನೇ ಎಬ್ಬಿಸಲಾಗುವುದಿಲ್ಲ. ಎದೆಯ ಕೆಳಗೆ ಗಳ ಹಾಕಿ ಎರಡೂ ಕಡೆ ಎತ್ತಬೇಕು. ಇನ್ನೊಬ್ಬ ಇದ್ದೇ ಇದ್ದ. ಆ ಮುಂಜಾನೆ ಎಲ್ಲಿದ್ದೆ ಎಂದು ಹೇಳಲು ಒಪ್ಪದಿದ್ದವನು ಊರಲ್ಲಿ ಒಬ್ಬನೇ ಇದ್ದ. ಒಂದು ಹೊಲದಲ್ಲಿದ್ದೆ ಎಂದಷ್ಟೇ ಅವನು ಹೇಳಿದ್ದ.

ಇಮಾಮಸಾಬನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕೂತು ಬಿಲ್ಲಿಗೆ ಹೊಸ ನಾರಿ ಬಿಗಿಯುತ್ತಿದ್ದ. ಮೈಯೆಲ್ಲ ಹತ್ತಿಯ ನವಿರು. ಅವನ ಹೆಂಡತಿ ಹುಸೇನಬೀ ಚಾಪೆ ಹಾಸಿದಳು. ಊರವರು ಹತ್ತಿ ಕೊಡುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಮುಡಬಿಯ ಕಡೆಗೆ ಹೋಗಿ ಕೆಲಸ ಹುಡುಕಬೇಕು ಎಂದಳು. ಮಗಳಿಗೆ ಎರಡು ಸಂಬಂಧ ಬಂದು ತಪ್ಪಿದ್ದವು. ಈಗ ಹುಮನಾಬಾದಿನಿಂದ ಮೂರನೆಯದು ಬಂದಿತ್ತು.

"ಅವರಿಗೂ ಯಾರೋ ಹೇಳ್ಯಾರಂತ್ರಿ, ಖೂನಿ ಮಾಡಿದವನ ಮನಿ ಅಂತ. ಈ ಸಂಬಂಧಾನೂ ಮುರದ್ರ ಊರು ಬಿಡೋಣ ಅಂತಾರ ಇವರು. ಊರು ಬಿಟ್ರ, ನೋಡು, ಖರೇ ಮಾಡಿದ್ದ, ಅದಕ್ಕ ಓಡಿದ ಅಂತಾರಲ್ಲ ಮಂದಿ?"

ನಾನು ಇಮಾಮಸಾಬನನ್ನು ಕೇಳಿದೆ. "ರೇವಣಪ್ಪನ ಎತ್ತು ಎಬ್ಬಿಸಾಕ ಇನ್ನೊಂದು ಕಡೆ ಗಳ ಹಿಡದವರು ಯಾರು?"

ಅವನ ಕೈ ನಾರಿಯ ಮೇಲೆ ನಿಂತಿತು. ಆಮೇಲೆ ನಕ್ಕ. "ಎತ್ತನ್ನ ಕೇಳ್ರಿ ಸಾಹೇಬ್ರ. ನೀವು ದನದ ಡಾಕ್ಟ್ರು, ನಿಮಗಾದ್ರ ಹೇಳೀತು."

"ಎತ್ತು ಅರ್ಧ ಹೇಳ್ಯಾದ. ಉಳಿದದ್ದು ನೀ ಹೇಳು."

"ಕೆಲವು ಮಾತು ಒಂದು ಜೀವದ ಮ್ಯಾಲೆ ಕೈ ಇಟ್ಟು ಕೊಟ್ಟಿರ್ತೀವ್ರಿ. ಆ ಜೀವ ಇರೋತನಕ ಅದು ನಮ್ದಲ್ಲ."

"ಯಾರ ಜೀವ?" ಎಂದಳು ಹುಸೇನಬೀ ಥಟ್ಟನೆ.

"ನಿಂದಲ್ಲ, ಹೆದರಬ್ಯಾಡ," ಎಂದು ಅವನು ಮತ್ತೆ ನಾರಿ ಬಿಗಿಯತೊಡಗಿದ.

ಅವಳಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ತಿಳಿಯಿತು. ಎತ್ತಿನ ಮೇಲೆ ಕೈ ಇಟ್ಟು ಆಣೆ ಮಾಡಿದ್ದ. ಎತ್ತು ಸತ್ತರೆ ಅವನ ಬಾಯಿ ಬಿಡುಗಡೆ.

ಈ ಮಾತನ್ನು ಹೊಸದಾಗಿ ಕೆಲಸಕ್ಕೆ ಸೇರುವವರು ಸ್ವಲ್ಪ ಗಮನಿಸಬೇಕು. ಸಾಯಲಿ ಎಂದು ನೀವು ಒಳಗೊಳಗೆ ಬಯಸುವ ದನಕ್ಕೂ ಔಷಧ ಕೊಡಬೇಕಾದ ದಿನ ಬರುತ್ತದೆ. ನನಗೆ ಅದು ಬಹಳ ಬೇಗ ಬಂತು. ನಾನು ಕಲ್ಯಾಣಿಯಲ್ಲಿದ್ದ ಒಂದು ದಿನ ಆ ಊರಿನಿಂದ ಆಳು ಓಡಿಬಂದ. ಹೌಶ್ಯಾ ಹಗ್ಗ ಬಿಚ್ಚಿಕೊಂಡು ಇಬ್ಬನಿ ಬಿದ್ದ ಕಡಲೆಯ ಹೊಲಕ್ಕೆ ನುಗ್ಗಿ ಮೇಯ್ದು, ಹೊಟ್ಟೆ ಉಬ್ಬಿಸಿಕೊಂಡು ಕೊಟ್ಟಿಗೆಗೆ ಬಂದು ಬಿದ್ದಿತ್ತು. ಸೈಕಲ್ಲು ತುಳಿಯುತ್ತ ನಾನು ಏನೇನು ಯೋಚಿಸಿದೆ ಎಂದು ಹೇಳಲಾರೆ, ದಿನಚರಿಯಲ್ಲಿ ಅದನ್ನು ಬರೆದಿಲ್ಲ. ಮೆಲ್ಲಗೆ ತುಳಿದೆನೇ, ಜೋರಾಗಿ ತುಳಿದೆನೇ? ಜೋರಾಗಿ ಎಂದು ನನ್ನ ನೆನಪು ಹೇಳುತ್ತದೆ. ಇಂಥ ವಿಷಯದಲ್ಲಿ ಅದು ನನ್ನ ಪರವಾದ ಸಾಕ್ಷಿ, ಅದನ್ನು ಪೂರ್ತಿ ನಂಬುವ ಹಾಗಿಲ್ಲ.

ಕೊಟ್ಟಿಗೆಯ ಮುಂದೆ ಅರ್ಧ ಊರು ಸೇರಿತ್ತು. ಗಂಗಾಬಾಯಿಯೂ ಬಾಗಿಲ ಬಳಿ ನಿಂತಿದ್ದಳು. ಹೌಶ್ಯಾ ಎಡಮಗ್ಗುಲಾಗಿ ಮಲಗಿಬಿಟ್ಟಿತ್ತು, ನಾಲಗೆ ಹೊರಗೆ ಚಾಚಿತ್ತು. ಉಬ್ಬಿದ್ದೂ ಎಡಗಡೆ, ಸೂಜಿ ಹಾಕಬೇಕಾದದ್ದೂ ಎಡಗಡೆ. ಮೊದಲು ಎಬ್ಬಿಸಬೇಕು. ಕುಂಟುಭುಜದ ಎತ್ತು ತಾನಾಗಿ ಏಳುವ ಹಾಗಿರಲಿಲ್ಲ. ಗಳ ತರ್ರಿ ಎಂದು ನಾನು ಕೂಗುವಷ್ಟರಲ್ಲಿ ಜನರ ನಡುವಿಂದ ಇಮಾಮಸಾಬ ಬಂದ. ಯಾರೂ ಕರೆದಿರಲಿಲ್ಲ. ಮೈಮೇಲೆ ಹತ್ತಿ ಹಾಗೆಯೇ ಇತ್ತು. ಹೇಳಿಸಿಕೊಳ್ಳದೆ ಎತ್ತಿನ ಎದೆಯ ಕೆಳಗೆ ಗಳ ತೂರಿಸಿ, ಕುಂಟು ಭುಜದ ಕಡೆಗೆ ತಾನೇ ಹೆಗಲು ಕೊಟ್ಟ. "ಏಳು ಹೌಶ್ಯಾ, ಏಳಪ್ಪ ರಾಜಾ, ಜರಾ ಏಳು," ಎನ್ನುತ್ತಿದ್ದ. ಆಚೆ ತುದಿಯಲ್ಲಿ ರೇವಣಪ್ಪ. ಎತ್ತು ಎದ್ದಿತು. ನಾನು ಎಡಪಕ್ಕೆಗೆ ಕೊಳವೆಯ ಸೂಜಿ ಹಾಕಿದೆ. ಗಾಳಿ ಸುಯ್ಯೆಂದು ಹೊರಬಂತು. ಆಮೇಲೆ ಕುಸುಬೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಕುಡಿಸಿದೆ. ಅಷ್ಟೂ ಹೊತ್ತು ಇಮಾಮಸಾಬ ಗಳ ಬಿಡಲಿಲ್ಲ. ಎತ್ತಿನ ಉಸಿರು ಸರಿಹೋದ ಮೇಲೆ, ಮುಖದ ಬೆವರು ಒರೆಸಿಕೊಂಡು, "ಉಳೀತಲ್ರಿ?" ಎಂದು ನನ್ನನ್ನು ಕೇಳಿದ. ಆ ಧ್ವನಿಯಲ್ಲಿ ಸಂತೋಷ ಬಿಟ್ಟು ಬೇರೇನೂ ನನಗೆ ಕೇಳಿಸಲಿಲ್ಲ.

ರೇವಣಪ್ಪನೂ ಅದನ್ನು ಕೇಳಿಸಿಕೊಂಡ. ಅವನು ಗಳದ ಇನ್ನೊಂದು ತುದಿಯನ್ನು ಕೆಳಗಿಟ್ಟು, ಹಾಗೆಯೇ ನೆಲದ ಮೇಲೆ ಕೂತುಬಿಟ್ಟ.

"ಅವತ್ತೂ ನೀ ಇಲ್ಲೇ ಹಿಡದಿದ್ದಿ," ಎಂದ. "ಇದೇ ಭುಜ."

"ಸುಮ್ಕಿರು ಮಾಲಕ," ಎಂದ ಇಮಾಮಸಾಬ.

"ಸುಮ್ಕ ಇದ್ದೇ ಇಷ್ಟಾಯ್ತು." ಅವನು ಊರವರ ಕಡೆ ತಿರುಗಿದ. ಮುಂದಿನ ಮಾತನ್ನು ಅಂದೇ ಬರೆದಿಟ್ಟಿದ್ದೇನೆ, ಹಾಗಾಗಿ ಹೆಚ್ಚು ತಪ್ಪಿರಲಾರದು. "ತುಕಾರಾಮ ಸತ್ತ ದಿನ ನಾ ಮೋಟ ಹೂಡಿದ್ದೆ. ಸೋಮಾರ. ಪಾಲಿನ ಬಾವಿ, ನನ್ನ ಪಾಳಿ ಬುಧವಾರ ಇತ್ತು, ಅಷ್ಟರಾಗ ಮೆಣಸಿನ ಸಸಿ ಒಣಗಿ ಹೋಗ್ತಿದ್ದು. ಸೋಮಾರ ಯಾರ ಪಾಳೀನೂ ಇಲ್ಲ, ಬಾವಿ ತುಂಬಿರ್ತದ. ಹೊತ್ತು ಹುಟ್ಟೋದ್ರಾಗ ನಾಕು ಚೀಲ ಎಳಕೊಂಡು ಬರೋಣ ಅಂತ ಹೋದೆ. ಮೂರನೇದಕ್ಕ ಹಗ್ಗ ಹರೀತು. ಇವ ಹೊಸ ಬಿಲ್ಲು ಹೊತ್ಕೊಂಡು ಆ ಹಾದಿಲಿಂದ ಹೊಂಟಿದ್ದ. ಎತ್ತು ಒದರೋದು ಕೇಳಿ ಬಂದ. ಇಬ್ರೂ ಕೂಡಿ ಎಬ್ಬಿಸಿ, ಬೇಲಿ ಹಿಂದಲಿಂದ ಒಂದೊಂದ ಹೆಜ್ಜಿ ನಡಿಸ್ಕೊಂಡು ಮನಿ ಮುಟ್ಟೋದ್ರಾಗ ಹೊತ್ತು ನೆತ್ತಿಗಿ ಬಂದಿತ್ತು. ಊರವರು ಹಳ್ಳದಾಗ ಇದ್ದಾಗ ನಾವು ಕೊಟ್ಟಿಗ್ಯಾಗ ಇದ್ವಿ."

"ಪೊಲೀಸರು ಅವನ್ನ ಒಯ್ದಾಗ?" ಎಂದು ಯಾರೋ ಕೇಳಿದರು.

"ಅಪ್ಪ ಇದ್ದ. ಸೋಮಾರ ನೊಗ ಇಟ್ಟು ಎತ್ತಿನ ಕಾಲು ಮುರದೆ ಅಂದ್ರ ನನ್ನ ಮಾರಿ ನೋಡ್ತಿರ್ಲಿಲ್ಲ. ಇವನ ಕೈ ಹೌಶ್ಯಾನ ಹಣಿ ಮ್ಯಾಲೆ ಇಡಿಸಿ, ಯಾರಿಗೂ ಹೇಳಬ್ಯಾಡ ಅಂತ ಆಣಿ ತಗೊಂಡಿದ್ದೆ. ಅವರು ಬಿಡ್ತಾರ, ಸಾಕ್ಷಿ ಇಲ್ಲ ಅಂತ ದಿನಾ ಅನಕೊಂಡೆ. ಬಿಟ್ರು. ಬಿಟ್ರಲ್ಲ, ಇನ್ನ ಯಾಕ ಹೇಳೋದು ಅನಕೊಂಡೆ. ಅಪ್ಪ ಹೋದ. ಇಷ್ಟು ವರ್ಷ ಆದ ಮ್ಯಾಲೆ ಯಾವ ಬಾಯಿಲೆ ಹೇಳೋದು ಅನಕೊಂಡೆ."

ಯಾರೂ ಬೈಯಲಿಲ್ಲ. ಬಾವಿಯ ಪಾಲುದಾರನಾದ ಅವನ ಚಿಕ್ಕಪ್ಪ ಒಬ್ಬ, "ನಾಕು ಚೀಲ ನೀರು ಕೇಳಿದ್ರ ಕೊಡ್ತಿದ್ದಿಲ್ಲೇನಲೇ ಮಂಗ್ಯಾ" ಎಂದ, ಅಷ್ಟೆ. ಗಂಡನ ಹಿಂದೆಯೇ ಬಂದಿದ್ದ ಹುಸೇನಬೀ ಅವನನ್ನೇ ನೋಡುತ್ತಿದ್ದಳು. "ಎತ್ತಿನ ಜೀವ ಅಂತ ಅವತ್ತೇ ಅಂದಿದ್ರ ನಾ ಏನು ಅದನ್ನ ಕೊಲ್ಲಾಕ ಹೋಗ್ತಿದ್ನೇನು," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬಾಗಿಲ ಬಳಿಯಿಂದ ಗಂಗಾಬಾಯಿ ಕೇಳಿದಳು, "ಹಂಗಾರ ನನ್ನ ಮಗನ್ನ ಹೊಡದವರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು. "ಗೊತ್ತಿಲ್ಲ ಆಯಿ," ಎಂದೆ. ಅವಳು ಹೊರಟುಹೋದಳು. ನಾನು ಅವಳ ಕೆಲಸ ಮಾಡಿಕೊಡಲು ಹೋಗಿ, ಅವಳ ಹತ್ತಿರ ಇದ್ದ ಒಂದೇ ಒಂದು ಉತ್ತರವನ್ನೂ ಕಸಿದುಕೊಂಡಿದ್ದೆ. ಒಬ್ಬ ಮನುಷ್ಯನನ್ನು ಐದು ವರ್ಷ ದ್ವೇಷಿಸಿದವಳಿಗೆ ಆ ದ್ವೇಷವನ್ನು ಇನ್ನು ಎಲ್ಲಿಡಬೇಕು ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಮರುವಾರ ರೇವಣಪ್ಪ ತಾನೇ ಹುಮನಾಬಾದಿಗೆ ಹೋಗಿ ಹುಡುಗನ ಮನೆಯವರ ಎದುರು ಕೂತು ಇದನ್ನೆಲ್ಲ ಹೇಳಿದ. ಅವರು ಕೇಳಿಕೊಂಡು, ಒಂದು ಎತ್ತಿಗೆ ಕೊಟ್ಟ ಮಾತನ್ನು ಇಷ್ಟು ಕಾಯ್ದವನ ಮನೆಯಿಂದ ಹೆಣ್ಣು ತರಲು ಹೆದರಿಕೆ ಏನು ಎಂದರಂತೆ. ಅಂತೆ ಎಂದು ಬರೆಯಲು ಕಾರಣ ನಾನು ಅಲ್ಲಿರಲಿಲ್ಲ, ರೇವಣಪ್ಪ ಹೇಳಿದ್ದು. ಮದುವೆಯಂತೂ ನಡೆಯಿತು. ಅಮೀನರಿಗೂ ಹೋಗಿ ಹೇಳಿದೆ. ಕಡತ ಮುಚ್ಚಿದ ಮೇಲೆ ನಿರಪರಾಧಿಯನ್ನು ಬರೆದುಕೊಳ್ಳಲು ಜಾಗವಿಲ್ಲ ಎಂದರು.

ಕೊಲೆಗಾರನನ್ನು ಆಮೇಲೂ ಹುಡುಕಿದೆ. ತುಕಾರಾಮ ಓಡಾಡಿದ ಸಂತೆಗಳಲ್ಲಿ ಕೇಳಿದೆ, ಹಳ್ಳದ ದಡ ತಿರುಗಿದೆ. ಎರಡು ಮೂರು ಊಹೆಗಳು ದಿನಚರಿಯಲ್ಲಿ ಇವೆ. ಒಂದಕ್ಕೂ ಆಧಾರವಿಲ್ಲದ್ದರಿಂದ ಇಲ್ಲಿ ಬರೆಯುವುದಿಲ್ಲ. ನಾನು ಬೇರೆ ಕಡೆ ವರ್ಗವಾದೆ, ಮುಂದೆ ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿಗೆ ಆ ಕಡೆಯ ಹಳ್ಳಿಗಳು ಕಂಡ ಕೆಟ್ಟ ದಿನಗಳಲ್ಲಿ ಒಬ್ಬ ದನದ ದಲಾಲಿಯ ಸಾವನ್ನು ನೆನೆಯುವವರು ಯಾರೂ ಉಳಿಯಲಿಲ್ಲ. ಮೂಕ ಪ್ರಾಣಿ ಸುಳ್ಳು ಹೇಳುವುದಿಲ್ಲ ಎಂದು ನಮ್ಮ ಕಸುಬಿನವರು ಹೇಳುತ್ತಾರೆ. ನಾನೂ ಭಾಷಣಗಳಲ್ಲಿ ಹೇಳಿದ್ದುಂಟು. ಹೌಶ್ಯಾ ನನಗೆ ಹೇಳಿದ್ದು ಹಗ್ಗ ಹರಿಯಿತು ಎಂಬುದನ್ನು ಮಾತ್ರ. 'ಕೊಲೆಗಾರ ಸಿಕ್ಕ' ಎಂದದ್ದು ನಾನು.

ಆ ಊರನ್ನು ಬಿಡುವ ಮೊದಲು ಕೊನೆಯ ಸಲ ದನ ನೋಡಲು ಹೋದಾಗ ಇಮಾಮಸಾಬನ ಅಂಗಳದಿಂದ ಬಿಲ್ಲಿನ ಸದ್ದು ಕೇಳಿ ಒಳಗೆ ಇಣುಕಿದೆ. ಗಂಗಾಬಾಯಿ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಹಳೆಯ ಗಾದಿಯ ಬಟ್ಟೆ ಬಿಚ್ಚಿ ಮಡಿಸಿಟ್ಟಿತ್ತು. ಇಮಾಮಸಾಬನ ಮುಂದೆ ಗಟ್ಟಿಯಾಗಿ ಹೆಂಟೆಗಟ್ಟಿದ ಹತ್ತಿ.

"ಇದು ತುಕಾರಾಮಂದಲ್ಲೇನು ಆಯಿ?" ಎಂದು ಅವನು ಕೇಳುತ್ತಿದ್ದ.

"ಅವಂದೇ. ಅವ ಹೋದ ದಿನ ಸುತ್ತಿ ಅಟ್ಟದ ಮ್ಯಾಲೆ ಇಟ್ಟಿದ್ದೆ. ಹೊಡದವರು ಯಾರಂತ ತಿಳಿಯೋತನಕ ನೆಲದ ಮ್ಯಾಲೇ ಮಲಗ್ತೀನಿ ಅಂದಿದ್ದೆ."

ಇಮಾಮಸಾಬ ಕೊಡತಿಯನ್ನು ಕೆಳಗಿಟ್ಟ. ಮೆಲ್ಲಗೆ ಅಂದ, "ತಿಳಿಲಿಲ್ಲಲ್ಲ ಆಯಿ."

"ತಿಳಿಲಿಲ್ಲ," ಎಂದಳು ಅವಳು. "ಬೆನ್ನು ನೋಯಾಕತ್ತದಪ್ಪ. ಹಿಂಜು."